ತವನಪ್ಪನವರ ಕೈ, ಲಕ್ಷ್ಮಿಬಾಯಿಯ ಗಾಯ

ಸದಲಗಾದ ತವನಪ್ಪ ಒಂದು ದಿನವೂ ಸೋಸದ ನೀರು ಕುಡಿದವರಲ್ಲ. ಅವರ ಹೆಂಡತಿ ಲಕ್ಷ್ಮಿಬಾಯಿಗೆ ಹೊಟ್ಟೆಯ ಆಪರೇಷನ್ ಆಗಿ ಒಂಬತ್ತು ದಿನ. ಹೊಲಿಗೆಯಲ್ಲಿ ಕೀವು ನಿಂತಿರಲಿಲ್ಲ, ಜ್ವರ ಇಳಿದಿರಲಿಲ್ಲ. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯ ಸುಂದರಾಬಾಯಿಗೂ ಕೀವಾಗಿತ್ತು, ಆದರೆ ಆರಾಮಾಗಿ ಮನೆಗೆ ಹೊರಟರು. ಹೋಗುವಾಗ ತಮ್ಮ ಗುಳಿಗೆಯಲ್ಲಿ ನಾಲ್ಕನ್ನು ತವನಪ್ಪನವರ ಕೈಗಿಟ್ಟರು.

ತವನಪ್ಪ ಹೆಂಡತಿಗೆ ಕೊಡಲು ಗುಳಿಗೆ ಬಿಚ್ಚುವಷ್ಟರಲ್ಲಿ ಸಿಸ್ಟರ್ ಮನಿಷಾ ಬಂದರು.

“ಕಾಕಾ, ಅದನ್ನ ಕೊಡಬ್ಯಾಡ್ರಿ.”

“ಯಾಕವ್ವಾ? ಇಬ್ಬರಿಗೂ ಅದೇ ಕ್ರಿಮಿ ಅಂತ ನೀನೇ ಹೇಳಿದ್ದಿ. ನಾಳಿತನಾ ಕೀವಿನ ರಿಪೋರ್ಟ್ ಕಾಯೂದು ಯಾಕ?”

“ಹೆಸರು ಒಂದೈತ್ರಿ, ತಳಿ ಬ್ಯಾರೆ ಇರಬಹುದು. ಕಬ್ಬಿನ್ಯಾಗ ಎಲ್ಲಾ ಒಂದೇ ತಳಿ ಏನ್ರಿ? ಒಂದು ಸಾಯೋ ಔಷಧಕ್ಕ ಇನ್ನೊಂದು ಜಗ್ಗಂಗಿಲ್ಲ. ದವಾಖಾನಿಯೊಳಗಿನವು ಔಷಧ ಕಂಡು ಕಂಡು ಪಳಗಿದವು. ಸುಂದರಾಬಾಯಿನೂ ತಮ್ಮ ಗುಳಿಗಿ ಪೂರಾ ಮುಗಸಬೇಕಿತ್ತು. ಫೋನ್ ಮಾಡಿ ಹೇಳ್ತೀನಿ.”

“ಕಣ್ಣಿಗೆ ಕಾಣದ್ದಕ್ಕ ಇಷ್ಟು ತಳಿ!” ತವನಪ್ಪ ನಕ್ಕರು. ಆದರೂ ಗುಳಿಗೆಯನ್ನು ಸಿಸ್ಟರ್ ಕೈಗೆ ಕೊಟ್ಟರು.

ಮರುದಿನ ರಿಪೋರ್ಟ್ ಬಂತು. ಆ ಗುಳಿಗೆ ಲಕ್ಷ್ಮಿಬಾಯಿಯ ಕ್ರಿಮಿಗೆ ನಾಟುತ್ತಲೇ ಇರಲಿಲ್ಲ. ನಾಟುವುದು ಒಂದೇ ಒಂದು ಇಂಜೆಕ್ಷನ್. ಡಾಕ್ಟರು ಅಂದೇ ಶುರು ಮಾಡಿದರು.

“ಈ ಕ್ರಿಮಿ ಬಾಜೂ ಹಾಸಿಗಿದಲ್ಲ ಕಾಕಾ,” ಎಂದರು ಮನಿಷಾ. “ವಾರ್ಡಿನ ಆ ತುದಿಯಾಗ ಒಂದು ಗಾಯದಾಗ ಇಂಥಾದ್ದೇ ಐತಿ. ನಡಕೊಂಡು ಬರಾಕ ಕ್ರಿಮಿಗೆ ಕಾಲಿಲ್ಲ. ಯಾರದೋ ಕೈಯಾಗ ಬಂದಿರಬೇಕು.”

ತವನಪ್ಪ ತಿರುಗಿ ನೋಡಿದರು. ಆ ತುದಿಯಲ್ಲಿ ಬೇಡಕಿಹಾಳದ ವಿರುಪಾಕ್ಷಪ್ಪ ಮಲಗಿದ್ದರು. ನಮ್ಮ ಕಡೆಯವರು, ಜೊತೆಗೆ ಯಾರೂ ಇಲ್ಲವೆಂದು ದಿನಾ ಬೆಳಿಗ್ಗೆ ಹೋಗಿ ಎಬ್ಬಿಸಿ ಕೂರಿಸಿ, ಗಾಯದ ಮೇಲಿನ ಜಾರಿದ ಪಟ್ಟಿ ಸರಿಮಾಡಿ, ಅದೇ ಕೈಯಲ್ಲಿ ಬಂದು ಹೆಂಡತಿಯ ಗಾಯ ಮುಟ್ಟಿ ನೋಡುತ್ತಿದ್ದವರು ತಾವೇ. ನಡುವೆ ನಲ್ಲಿ ಇತ್ತು. ಸಾಬೂನೂ ಇತ್ತು.

“ನಾನೇ ತಂದ್ನೇನವ್ವಾ?” ತವನಪ್ಪ ತಮ್ಮ ಅಂಗೈ ನೋಡಿಕೊಂಡರು.

“ಹೇಳಾಕ ಬರಂಗಿಲ್ರಿ. ನಮ್ಮ ಕೈಯಾಗೂ ಬಂದಿರಬಹುದು. ವಿರುಪಾಕ್ಷಪ್ಪನವರನ್ನ ಮಾತಾಡ್ಸೂದು ಬಿಡಬ್ಯಾಡ್ರಿ. ಪಟ್ಟಿ ನಮಗ ಬಿಡ್ರಿ, ಕೈ ತೊಳಕೊಂಡು ಬರ್ರಿ.”

ಇಂಜೆಕ್ಷನ್ ಶುರುವಾದ ಐದನೇ ದಿನ ಜ್ವರ ಬಿಟ್ಟಿತು. ಲಕ್ಷ್ಮಿಬಾಯಿ ಮೊದಲು ಆಡಿದ ಮಾತು ಇದು: “ನೀರು ಸೋಸಾಕ ನೆನಪಿರ್ತೈತಿ, ಕೈ ತೊಳ್ಯಾಕ ಇರಂಗಿಲ್ಲ!” ತವನಪ್ಪ ನಲ್ಲಿಯ ಕಡೆ ನಡೆದರು.

ಅಕ್ಕ-ಅಣ್ಣಂದಿರೇ, ಆಸ್ಪತ್ರೆಯಲ್ಲಿರುವವರನ್ನು ಮಾತಾಡಿಸಲು ಖಂಡಿತ ಹೋಗಿ. ಒಬ್ಬರ ಗುಳಿಗೆ ಇನ್ನೊಬ್ಬರಿಗೆ ಕೊಡಬೇಡಿ, ನಿಮ್ಮದನ್ನು ಡಾಕ್ಟರು ಹೇಳಿದಷ್ಟು ದಿನ ಮುಗಿಸಿ. ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವ ಮೊದಲು ನಲ್ಲಿಯ ಹತ್ತಿರ ನಿಂತು ಕೈ ತೊಳೆಯಿರಿ. ನಿಮ್ಮ ಕೈಯಲ್ಲಿ ಪ್ರೀತಿಯೊಂದೇ ಹೋಗಲಿ.