ಬೆನ್ನ ಹಿಂದಿನ ದಡ

ನೀರಿಗೆ ಕೊಟ್ಟ ಮಾತನ್ನು ನೀರು ಮರೆಯುವುದಿಲ್ಲ ಎನ್ನುತ್ತಾರೆ. ಹರಿದು ಹೋಗುವುದು ನೀರು. ಮಾತು ದಡದಲ್ಲೇ ನಿಂತು, ಕೊಟ್ಟವನ ದಾರಿ ಕಾಯುತ್ತಿರುತ್ತದೆ.

ದೋಣಿಯಜ್ಜ ಅಂಥ ಒಂದು ಮಾತು ಕೊಟ್ಟುಬಿಟ್ಟಿದ್ದ. ಹೊಳೆಗೆ ಸೇತುವೆ ಬಂದ ದಿನ ಊರಿಗೆ ಊರೇ ಅದರ ಮೇಲೆ ಆಚೆ ಹೋಗಿ ಈಚೆ ಬಂದಿತು. ಅಜ್ಜ ಮಾತ್ರ ತನ್ನ ದೋಣಿಯಲ್ಲಿ ಒಬ್ಬನೇ ಕೂತಿದ್ದ. ಯಾರೋ ಮೇಲಿನಿಂದ ಬಗ್ಗಿ, ಇನ್ನು ದೋಣಿಯನ್ನು ಒಡೆದು ಒಲೆಗೆ ಹಾಕು ಅಂದರಂತೆ. ಅಜ್ಜ ಬೊಗಸೆ ತುಂಬ ನೀರೆತ್ತಿ ಹೊಳೆಗೇ ಹೇಳಿದ: "ನನ್ನ ಇಂಜಿನ್ ದಾಟಿಸಿದರೆ ಮಾತ್ರ ಆ ದಡಕ್ಕೆ ಹೋಗ್ತೀನಿ ತಾಯಿ. ಇಲ್ಲಾಂದ್ರೆ ಇಲ್ಲೇ ಮಣ್ಣಾಗ್ತೀನಿ."

ಸಿಟ್ಟು ಸಂಜೆಯ ಹೊತ್ತಿಗೆ ಇಳಿಯಿತು. ಮಾತು ಇಳಿಯಲಿಲ್ಲ. ಹತ್ತುವವರಿಲ್ಲದ ದೋಣಿ ಕಟ್ಟಿದಲ್ಲೇ ಕೊಳೆಯಿತು. ಡೀಸೆಲ್ ಇಂಜಿನ್ನನ್ನು ಮಾತ್ರ ಅಜ್ಜ ಬಿಚ್ಚಿಸಿ, ಮನೆಯ ಮುಂದಿನ ಚಪ್ಪರದಡಿ ಎರಡು ದಿಮ್ಮಿಗಳ ಮೇಲೆ ಇಡಿಸಿಕೊಂಡ. ಬೆಳಗಾದರೆ ಮುಖ ತೊಳೆದು, ಸೂರ್ಯನಿಗೆ ಕೈಮುಗಿದು, ಆಮೇಲೆ ಇಂಜಿನ್ನನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸುತ್ತಿದ್ದ. ಸುಮ್ಮನೆ ಕೂತರೆ ಮನುಷ್ಯನ ಹಾಗೆ ಕಬ್ಬಿಣಕ್ಕೂ ಕೀಲು ಹಿಡಿಯುತ್ತದೆ ಎಂದು ಅವನಿಗೆ ಗೊತ್ತಿತ್ತು.

ಅವನಿಗಿದ್ದವಳು ಒಬ್ಬಳೇ ಮಗಳು. ಅವಳನ್ನು ಕೊಟ್ಟಿದ್ದು ಆಚೆ ದಡಕ್ಕೆ. ಮೊದಮೊದಲು ಅವಳೇ ಸೇತುವೆ ದಾಟಿ ಬರುತ್ತಿದ್ದಳು. ಹೊರಡುವಾಗ ಅಪ್ಪ ಸೇತುವೆಯ ಬುಡದವರೆಗೆ ಬಂದು, ಮೊದಲ ಕಂಬದ ಹತ್ತಿರ ಮರದಂತೆ ನಿಂತುಬಿಡುತ್ತಿದ್ದ. ಗರ್ಭಿಣಿಯಾಗಿದ್ದಾಗ ಒಮ್ಮೆ, ಆಚೆ ತುದಿಯವರೆಗಾದರೂ ಬಾ ಅಂದಳು. ಅವನು ಬರಲಿಲ್ಲ. ಹುಲಿಯ ಹೊಟ್ಟೆಯಲ್ಲಿ ಹುಟ್ಟಿದ್ದು ಹುಲಿಯೇ ತಾನೆ. ಅವಳೂ ಬರುವುದನ್ನು ನಿಲ್ಲಿಸಿದಳು. ಮಗು ಹುಟ್ಟಿತು, ಮಗುಚಿತು, ಅಂಬೆಗಾಲಿಟ್ಟಿತು. ಅಜ್ಜ ಅದರ ಮುಖ ನೋಡಲಿಲ್ಲ.

ಎರಡು ದಡಗಳ ನಡುವೆ ಸುದ್ದಿ ಹೊರುತ್ತಿದ್ದವಳು ಇಟ್ಟಿಗೆಯಕ್ಕ. ಅವಳದು ಮಾವನ ಕಾಲದ ಪೆಟ್ರೋಲ್ ಲಾರಿ. ಗೂಡಿನಿಂದ ಇಟ್ಟಿಗೆ ತುಂಬಿಕೊಂಡು ತಾನೇ ಓಡಿಸುತ್ತ ಆಚೆ ದಡಕ್ಕೆ ಹಾಕಿ ಬರುತ್ತಿದ್ದಳು. ಈಚೀಚೆಗೆ ಅದು ಸೇತುವೆಯ ಏರಿನಲ್ಲೇ ಉಸಿರು ಬಿಟ್ಟು ಕೂರುತ್ತಿತ್ತು. ಬೀಗರ ಹಾಗೆ ಕುಡಿಯುತ್ತದೆ, ಸೊಸೆಯ ಹಾಗೆ ಮುನಿಯುತ್ತದೆ ಎಂದು ಅವಳು ಬೈಯುವಳು. ಅವಳ ಮೈದುನ ಲಾರಿ ಮೇಸ್ತ್ರಿ. ಹಳೆಯ ಇಂಜಿನ್ನಿನ ಕಥೆ ಮುಗಿಯಿತು, ಡೀಸೆಲ್ ಇಂಜಿನ್ ಒಂದು ಸಿಕ್ಕರೆ ಕೂರಿಸಿಬಿಡುತ್ತೇನೆ ಅಂದ. ಅಕ್ಕನಿಗೆ ಚಪ್ಪರದಡಿಯ ಇಂಜಿನ್ ಕಣ್ಣಮುಂದೆ ಬಂತು.

ಅವಳು ಅಜ್ಜನ ಎದುರು ಹೋಗಿ ಕೂತಳು. ಮೊದಲು ಮಗಳು ಹೇಳಿ ಕಳಿಸಿದ್ದನ್ನು ಒಪ್ಪಿಸಿದಳು: ಮಗು ಹಿಡಿದುಕೊಂಡು ನಿಲ್ಲುತ್ತಿದೆ, ಇವತ್ತೋ ನಾಳೆಯೋ ನಡೆಯುತ್ತದೆ, ಅದು ನಡೆಯುವ ಮೊದಲು ಬರದಿದ್ದರೆ ಅಪ್ಪ ಆಮೇಲೆ ಬರುವುದೇ ಬೇಡ. ಅಜ್ಜ ತಲೆ ತಗ್ಗಿಸಿದ. ಆಗ ಅಕ್ಕ ಇಂಜಿನ್ನಿನ ಮಾತು ತೆಗೆದಳು.

"ಆಣೆ ಮುರಿ ಅಂತ ನಾನು ಹೇಳಲ್ಲ ಅಜ್ಜ. ಆಣೆ ನನ್ನ ಲಾರೀಲಿ ಕೂತ್ಕೊಂಡು ಬರಲಿ. ನೀನೂ ಬಾ."

ಅಜ್ಜ ಹೊಳೆಯ ಕಡೆ ನೋಡಿದ. "ಇದು ತಾಯಿಗೆ ಮೋಸ ಆಗಲ್ವೇನಮ್ಮ?" ಅಂದ. ಆದರೂ ಅವನು ಎದ್ದು, ಇಂಜಿನ್ನಿನ ಮೇಲಿನ ಗೋಣಿಯನ್ನು ತಾನೇ ಸರಿಸಿದ.

ಮೇಸ್ತ್ರಿಯ ಶೆಡ್ಡಿನಲ್ಲಿ ಕೆಲಸ ನಿಧಾನವಾಗಿ ಸಾಗಿತು. ಹಳೆಯ ಇಂಜಿನ್ ಸರಪಳಿಯಲ್ಲಿ ತೂಗುತ್ತ ಹೊರಬಂದಾಗ ಲಾರಿಯ ಮೂತಿ ಹಗುರಾಗಿ ಮೇಲೆದ್ದಿತು. ಒಳಗೆ ಪೆಟ್ರೋಲಿನ ಹಳೆಯ ವಾಸನೆ ಮಾತ್ರ ಉಳಿಯಿತು. ಡೀಸೆಲ್ ಇಂಜಿನ್ನಿನ ತೂಕ ತಡೆಯಲೆಂದು ಮುಂದಿನ ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಸೇರಿತು. ಗೇರ್‌ಬಾಕ್ಸಿಗೂ ಇಂಜಿನ್ನಿಗೂ ತೂತುಗಳು ಕೂಡಲಿಲ್ಲ; ನಡುವೆ ಮೇಸ್ತ್ರಿ ದಪ್ಪ ತಗಡೊಂದನ್ನು ಕತ್ತರಿಸಿ, ಎರಡೂ ಕಡೆಯವರ ಮಾತು ಕೇಳುವ ಸಂಬಂಧಿಕನ ಹಾಗೆ ಕೂರಿಸಿದ. ದೋಣಿಯಲ್ಲಿದ್ದಾಗ ಇಂಜಿನ್ ಹೊಳೆಯ ನೀರನ್ನೇ ಎಳೆದು ತಣ್ಣಗಾಗುತ್ತಿತ್ತು. ಈಗ ರೇಡಿಯೇಟರ್ ಬೇಕಾಯಿತು. ಅದನ್ನು ತುಂಬುವ ದಿನ ಅಜ್ಜ ಹೊಳೆಯಿಂದ ಕೊಡ ತುಂಬಿ ತಂದ. ಮೇಸ್ತ್ರಿ ನಲ್ಲಿಯ ಕಡೆ ನೋಡಿದ, ಅಜ್ಜನ ಮುಖ ನೋಡಿದ, ಬಟ್ಟೆಯಲ್ಲಿ ಸೋಸಿ ಅದೇ ನೀರನ್ನು ಸುರಿದ.

ಲಾರಿಗೆ ಕೂರಿಸುವ ಮೊದಲೇ, ದಿಮ್ಮಿಗಳ ಮೇಲಿಟ್ಟು ಬಕೆಟ್ ನೀರು ಕುಡಿಸಿ ಒಮ್ಮೆ ಇಂಜಿನ್ ಓಡಿಸಿ ನೋಡಿದ್ದರು. ಇಷ್ಟು ಕಾಲ ಮಲಗಿದ್ದದ್ದು ಒಂದೇ ಎಳೆತಕ್ಕೆ ಎದ್ದು ಡುಗುಡುಗು ಎಂದಿತು. ಆ ಸದ್ದು ಶೆಡ್ಡು ದಾಟಿ, ರಸ್ತೆ ದಾಟಿ, ನೀರಿನ ಮೇಲೆ ಹಾಸಿಕೊಂಡಿತು. ಹಿಂದೆ ದೋಣಿ ನಿಲ್ಲುತ್ತಿದ್ದ ಕಡವಿನ ಹತ್ತಿರ ಮುದುಕಿಯೊಬ್ಬಳು ಬುಟ್ಟಿ ಹಿಡಿದು ಬಂದು ನಿಂತಿದ್ದಳಂತೆ, ದೋಣಿ ಬಂತೆಂದು. ಮೇಸ್ತ್ರಿ ಗೋಡೆಗೊರಗಿ ಕಣ್ಣು ಮುಚ್ಚಿ ಕೇಳಿದ. ಇಂಥ ಸದ್ದನ್ನು ಕಣ್ಣು ಬಿಟ್ಟುಕೊಂಡು ಕೇಳಲಾಗುವುದಿಲ್ಲ. ತಪ್ಪಾದದ್ದು ಅಲ್ಲೇ.

ಹೊರಡುವ ಬೆಳಿಗ್ಗೆ ಹೊಳೆಯ ಮೇಲೆ ಮಂಜು ಕೂತಿತ್ತು. ಮಗಳಿಗೆ ಹೇಳಿ ಕಳಿಸಿಯಾಗಿತ್ತು. ಅಜ್ಜ ಒಗೆದ ಅಂಗಿ ತೊಟ್ಟು ಅಕ್ಕನ ಪಕ್ಕದಲ್ಲಿ ಕೂತ. ಮುಂದೆ ಸೇತುವೆಯ ಏರು. ಅಕ್ಕ ಒಂದನೇ ಗೇರ್ ಹಾಕಿ ಕ್ಲಚ್ ಬಿಟ್ಟಳು. ಲಾರಿ ವಿನಯವಾಗಿ ಹಿಂದಕ್ಕೆ ಹೋಗಿ ಶೆಡ್ಡಿನ ಬಾಗಿಲಿಗೆ ಬೆನ್ನು ತಾಗಿಸಿತು.

ಗೇರ್ ತಪ್ಪಿತೆಂದು ಅವಳು ಮತ್ತೆ ಹಾಕಿದಳು. ಬಾಗಿಲು ಇನ್ನಷ್ಟು ಬಾಗಿತು. ಮೇಸ್ತ್ರಿ ಮಲಗಿ ಅಡಿಗೆ ನುಸುಳಿ, ಇಂಜಿನ್ ಉಲ್ಟಾ ತಿರುಗುವುದನ್ನು ನೋಡಿ, ಅಲ್ಲೇ ಹಣೆಗೆ ಕೈ ಹಚ್ಚಿಕೊಂಡ. ಆಗ ಅಜ್ಜ, ಊರಿಗೆಲ್ಲ ಗೊತ್ತಿರುವ ಸಂಗತಿ ಎಂಬಂತೆ ಹೇಳಿದ: ದೋಣಿಗೆ ಮೊದಲು ಎರಡು ಇಂಜಿನ್ ಇದ್ದವು, ದೋಣಿ ನೆಟ್ಟಗೆ ಹೋಗಲೆಂದು ಬಲದ್ದು ಬಲಕ್ಕೂ ಎಡದ್ದು ಎಡಕ್ಕೂ ತಿರುಗುತ್ತಿದ್ದವು, ಬಲದ್ದು ಹಿಂದೆಯೇ ಕೆಟ್ಟು ಹೋಯಿತು, ಇದು ಎಡದ್ದು.

"ಮೊದಲೇ ಹೇಳಬಾರದಿತ್ತಾ ಅಜ್ಜ?"

"ನೀನು ಕೇಳಲಿಲ್ವಲ್ಲಪ್ಪ."

"ಒಂದು ಗೇರ್ ಮುಂದಕ್ಕೆ, ನಾಲ್ಕು ಗೇರ್ ಹಿಂದಕ್ಕೆ," ಅಂದಳು ಅಕ್ಕ. "ನನ್ನ ಮೈದುನನ ಬಾಳಿನ ಹಾಗೇ ಆಯ್ತು ನೋಡು."

ಮೇಸ್ತ್ರಿ ನಾಚಿಕೊಂಡೇ ಉಪಾಯ ಹೇಳಿದ. ಹಿಂದಿನ ಆಕ್ಸಲ್ಲನ್ನು ಬಿಚ್ಚಿ ಬೋರಲು ಕೂರಿಸಿದರೆ ಗಾಲಿಗಳು ಸರಿಯಾಗಿ ತಿರುಗುತ್ತವೆ, ನಾಳೆ ಹೊತ್ತಿಗೆ ಮಾಡಿಕೊಡುತ್ತೇನೆ. ಇವತ್ತೇ ಆಗಬೇಕೆಂದರೆ ರಿವರ್ಸ್ ಗೇರಿನಲ್ಲಿ ಮುಂದಕ್ಕೆ ತೆವಳಿಸಬಹುದು.

ಅಜ್ಜ ಆಗಲೇ ಕೆಳಗಿಳಿದಿದ್ದ. ತಾಯಿ ಒಪ್ಪಲಿಲ್ಲ ಎಂದಷ್ಟೇ ಹೇಳಿ ಮನೆಯ ಕಡೆ ಹೆಜ್ಜೆ ಹಾಕಿದ. ಅಕ್ಕ ತಡೆಯಲಿಲ್ಲ. ಇಂಜಿನ್ ಮಾತ್ರ ಹಿಂದಿನಿಂದ ಡುಗುಡುಗು ಎನ್ನುತ್ತಲೇ ಇತ್ತು. ನಾಲ್ಕು ಮಾರು ಹೋದವನು ನಿಂತ. ಮಂಜಿನಲ್ಲಿ ಸೇತುವೆಯ ಕಂಬಗಳು ಕಾಣುತ್ತಿರಲಿಲ್ಲ. ಮೇಲಿನ ಹಾಸು ಮಾತ್ರ ನೀರಿನ ಮೇಲೆ ತೇಲುವಂತೆ ಇತ್ತು. ಇಂಜಿನ್ ಇಲ್ಲದ ಕಾಲದಲ್ಲಿ ಅವನ ಅಪ್ಪ ಅವನ ಕೈಗೆ ಹುಟ್ಟು ಕೊಟ್ಟು ಕೂರಿಸಿದ್ದು ನೆನಪಾಯಿತು. ಆ ದಡಕ್ಕೆ ಬೆನ್ನು ಹಾಕಿ ಕೂರು ಅಂದಿದ್ದ ಅಪ್ಪ. ಹುಟ್ಟು ಹಾಕುವವನು ಸೇರುವ ದಡ ನೋಡಬಾರದು ಮಗನೇ, ಬಿಟ್ಟ ದಡ ನೋಡುತ್ತ ಎಳೆಯಬೇಕು. ಅದು ಚಿಕ್ಕದಾದಷ್ಟೂ ಇದು ಹತ್ತಿರ ಬರುತ್ತದೆ. ಬೆನ್ನ ಹಿಂದಿನದನ್ನು ದೇವರು ನೋಡಿಕೊಳ್ಳುತ್ತಾನೆ.

ಅಜ್ಜ ವಾಪಸು ಬಂದು ಲಾರಿ ಹತ್ತಿದ.

"ಅದು ಹೋಗೋ ಕಡೆಗೇ ಹೋಗಲಿ ಬಿಡಮ್ಮ. ತಿರುಗಿಸಿ ನಿಲ್ಲಿಸು."

"ನಾಳೆ ಸರಿ ಮಾಡಿಕೊಡ್ತಾನಂತೆ ಅಜ್ಜ."

"ನಾಳೆ ಇದು ಲಾರಿ ಆಗಿಬಿಡುತ್ತೆ. ಇವತ್ತು ಇನ್ನೂ ನನ್ನ ದೋಣಿ."

ಅಕ್ಕ ಲಾರಿಯ ಬೆನ್ನನ್ನು ಸೇತುವೆಯ ಕಡೆ ಮಾಡಿದಳು. ಮೇಸ್ತ್ರಿ ಹಿಂಬದಿಗೆ ಓಡಿ, ಕೈ ಬೀಸುತ್ತ, ಬರ್ಲಿ ಬರ್ಲಿ ಎಂದು ಕೂಗುತ್ತ ಹಿಂದಹಿಂದಕ್ಕೆ ನಡೆದ. ಏರಿನಲ್ಲಿ ಲಾರಿ ಒಮ್ಮೆಯೂ ಏದುಸಿರು ಬಿಡಲಿಲ್ಲ. ಸೇತುವೆಯ ಮೇಲೆ ಇಂಜಿನ್ನಿನ ಸದ್ದು ಕೆಳಗಿಳಿದು, ನೀರನ್ನು ಮುಟ್ಟಿ, ತಂಪಾಗಿ ಮೇಲೆ ಬಂತು. ಅಜ್ಜನ ಅಂಗೈ ಬೆಚ್ಚಗಿನ ಇಂಜಿನ್ ಮುಚ್ಚಳದ ಮೇಲಿತ್ತು. ಒಳಗೆ ಹೊಳೆಯ ನೀರು ಓಡಾಡುತ್ತಿತ್ತು, ಕೆಳಗೆ ಹೊಳೆಯೇ ಓಡುತ್ತಿತ್ತು. ಮೋಸವೇ, ಅಲ್ಲವೇ ಎಂದು ಅವನು ಮತ್ತೆ ಕೇಳಿಕೊಳ್ಳಲಿಲ್ಲ. ಎದುರಿನ ಗಾಜಿನಲ್ಲಿ ಅವನ ಚಪ್ಪರ ಸಣ್ಣದಾಯಿತು, ಖಾಲಿ ದಿಮ್ಮಿಗಳು ಸಣ್ಣವಾದವು, ಕಡವಿನಲ್ಲಿ ಬುಟ್ಟಿ ಹಿಡಿದ ಯಾರೋ ಎಳ್ಳಿನಷ್ಟಾದರು. ಮಂಜು ಬಂದು ಎಲ್ಲವನ್ನೂ ಮಡಿಲಿಗೆ ಹಾಕಿಕೊಂಡಿತು.

ಗಾಲಿ ಮಣ್ಣಿಗಿಳಿದದ್ದು ಸೊಂಟಕ್ಕೆ ತಿಳಿಯಿತು. ಮೇಸ್ತ್ರಿಯ ಕೂಗು ನಿಂತಿತು. ಬೆನ್ನ ಹಿಂದಿನಿಂದ ಇನ್ನೊಂದು ದನಿ ಕೇಳಿತು. ದೋಣಿ ಮರಳಿಗೆ ತಾಗಿದಾಗಲೆಲ್ಲ ಅಜ್ಜ ಒಂದೇ ಧಾಟಿಯಲ್ಲಿ ಕೂಗುತ್ತಿದ್ದ ಮಾತು ಅದು. ಆಗ ಮೊಣಕಾಲೆತ್ತರದ ಮಗಳು ಅವನ ಹಿಂದೆ ನಿಂತು ಅಣಕಿಸುತ್ತಿದ್ದಳು. ಈಗ ಅಣಕಿಸುತ್ತಿರಲಿಲ್ಲ.

"ದಡ ಬಂತು. ನಿಧಾನಕ್ಕೆ ಇಳೀರಿ."

ಅಜ್ಜ ಕೂಡಲೇ ತಿರುಗಲಿಲ್ಲ. ದೋಣಿ ನೆಲೆಗೊಳ್ಳುವ ಮೊದಲು ದೋಣಿಯವನು ಏಳುವುದಿಲ್ಲ. ಇಂಜಿನ್ ಮುಚ್ಚಳವನ್ನು ಮೆಲ್ಲಗೆ ತಟ್ಟಿ, ಸಾಕು ತಾಯಿ ಅಂದ. ಅಕ್ಕ ಇಂಜಿನ್ ನಿಲ್ಲಿಸಿದಳು. ಅವನು ಇಳಿದು, ಲಾರಿಯ ಉದ್ದಕ್ಕೂ ಕೈಯಾಡಿಸುತ್ತ ಹಿಂಬದಿಗೆ ನಡೆದ.

ಮಗಳು ದೂರದಲ್ಲೇ ನಿಂತಿದ್ದಳು, ಕಣ್ಣು ಒರೆಸಿಕೊಳ್ಳದೆ. ನಿಂತ ಲಾರಿಯತ್ತ ಅಂಬೆಗಾಲಿಟ್ಟು ಬಂದು, ಅದರ ಹಿಂಬದಿಯ ತಗಡನ್ನು ಎರಡೂ ಕೈಯಲ್ಲಿ ಹಿಡಿದು ಮಗು ನಿಂತಿತ್ತು. ಈಗಷ್ಟೇ ಅಂಗೈಯಲ್ಲಿ ಗುಡುಗುಡಿಸುತ್ತಿದ್ದದ್ದು ಎಲ್ಲಿ ಹೋಯಿತೆಂದು ಅದು ತಗಡಿಗೆ ಕಿವಿ ಹಚ್ಚಿ ಹುಡುಕುತ್ತಿತ್ತು. ಹೆಜ್ಜೆಯ ಸದ್ದಿಗೆ ತಲೆಯೆತ್ತಿ ಅಜ್ಜನನ್ನು ನೋಡಿತು.

ಅಜ್ಜ ಅಲ್ಲೇ ಮಣ್ಣಲ್ಲಿ ಕುಕ್ಕರಗಾಲಲ್ಲಿ ಕೂತ. ಡುಗುಡುಗು ಎಂದು ಬಾಯಲ್ಲೇ ಸದ್ದು ಮಾಡಿದ.

ಮಗು ಒಂದು ಕೈ ಬಿಟ್ಟಿತು.