ಚಂದ್ರಲೋಕದ ಬಸ್ಸಿಗೆ ಮೋರ್ಸಿಂಗ್

ಲೋಧಿ ಕಾಲೋನಿಯ ದೇವೇಂದ್ರಪ್ಪನವರು ಹಗಲೆಲ್ಲ ಕೇಂದ್ರ ಸರ್ಕಾರದ ಕಡತಗಳ ನಡುವೆ ಮುಳುಗಿರುವ ಸೆಕ್ಷನ್ ಆಫೀಸರು, ಸಂಜೆಯಾದರೆ ಮೋರ್ಸಿಂಗ್ ವಿದ್ವಾಂಸರು. ಅಂಗೈಯಲ್ಲಿ ಅಡಗುವ ಆ ಕಬ್ಬಿಣದ ವಾದ್ಯವನ್ನು ಹಲ್ಲಿಗೊತ್ತಿ ಬೆರಳಿನಿಂದ ಮೀಟುತ್ತಾ ಮೂವತ್ತೆರಡು ವರ್ಷ ದಿಲ್ಲಿಯ ವೇದಿಕೆಗಳ ಮೇಲೆ ಮೃದಂಗದ ಮಗ್ಗುಲಲ್ಲಿ ಕೂತವರು. ಅವರ ಮೈಕು ಕೆಲಸ ಮಾಡಿದ ದಿನಗಳಿಗಿಂತ ಮಾಡದ ದಿನಗಳೇ ಹೆಚ್ಚು.

ಎರಡು ಸಾವಿರದ ಐದರ ನವೆಂಬರಿನಲ್ಲಿ ನೊಯಿಡಾದಿಂದ ಯಶ್ವಂತ್ ಎಂಬ ಹುಡುಗನ ಫೋನು ಬಂತು. ಕೊಡಗಿನ ಕರ್ನಲ್ ಒಬ್ಬರ ಮಗ. ಚಿಕ್ಕಂದಿನಲ್ಲಿ ಕನ್ನಡ ಸಂಘದ ಕಚೇರಿಗಳಲ್ಲಿ ಮುಂದಿನ ಸಾಲಿನಲ್ಲಿ ಕೂತು ಇವರ ಬಾಯನ್ನೇ ದಿಟ್ಟಿಸುತ್ತಿದ್ದವನು. ಈಗ ಟಿವಿಗೆ ‘ಚಂದಾ ಡಿಪೋ’ ಎಂಬ ಕಾರ್ಟೂನ್ ಧಾರಾವಾಹಿ ಮಾಡುತ್ತಿದ್ದ. ಮುನ್ನೂರು ವರ್ಷ ಮುಂದಿನ ಕಾಲ. ದಿಲ್ಲಿಯಿಂದ ಚಂದ್ರನಿಗೆ ಸಿಟಿ ಬಸ್ಸು. ಅದಕ್ಕೊಂದು ಜಗಳಗಂಟ ರೋಬೋ ಕಂಡಕ್ಟರು. ವಾರಕ್ಕೊಬ್ಬಿಬ್ಬರು ನಿಜವಾದ ಸಂಗೀತಗಾರರು ಅತಿಥಿಯಾಗಿ ಬಸ್ ಹತ್ತುತ್ತಿದ್ದರು. ಚಿತ್ರ ಅವರದೇ, ದನಿಯೂ ಅವರದೇ. ಗಜಲ್ ಹಾಡುವವರು ಬಂದು ಹೋಗಿದ್ದರು, ಧೋಲ್ ಬಾರಿಸುವವರೂ ಬಂದಿದ್ದರು. ಈ ಸಲ ಜನಕಪುರಿಯ ಗಾಯಕಿ ವಿಜಯಮ್ಮನವರೂ ನೀವೂ ಬರಬೇಕು ಅಂದ. ಪಕ್ಕವಾದ್ಯಕ್ಕಿರಬೇಕು ಎಂದುಕೊಂಡು ದೇವೇಂದ್ರಪ್ಪ ಒಪ್ಪಿದರು.

ಶನಿವಾರ ಬೆಳಿಗ್ಗೆ ಇಬ್ಬರೂ ಟ್ಯಾಕ್ಸಿಯಲ್ಲಿ ಯಮುನೆ ದಾಟಿ ಸ್ಟುಡಿಯೋ ತಲುಪಿದರು. ಗೋಡೆಯ ತುಂಬ ಇವರ ಚಿತ್ರಗಳು ಅಂಟಿದ್ದವು. ಕಾಗದದ ದೇವೇಂದ್ರಪ್ಪನ ತಲೆ ನಿಜದ್ದಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ಅದನ್ನು ಅವರು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಆದರೆ ಕೈಗಿತ್ತ ಸ್ಕ್ರಿಪ್ಟಿನ ಎರಡನೇ ಪುಟದಲ್ಲಿ ಹೀಗಿತ್ತು: ಕಂಡಕ್ಟರ್ ಬಸ್ಸಿನಿಂದ ಜಾರಿ ಬೀಳುತ್ತಾನೆ, ಮೋರ್ಸಿಂಗ್ ‘ಬೊಂಯ್’ ಅನ್ನುತ್ತದೆ. ಮೂರನೇ ಪುಟದಲ್ಲೂ ಬೀಳುತ್ತಾನೆ, ಮತ್ತೆ ಬೊಂಯ್.

ಅವರು ಪುಟಗಳನ್ನು ನೀಟಾಗಿ ಮಡಿಸಿ ಮೇಜಿನ ಮೇಲಿಟ್ಟರು. ಯಶ್ವಂತ್ ಏನಾಯಿತೆಂದು ಕೇಳಿದಾಗ ಮೆಲ್ಲಗೆ ಹೇಳಿದರು: “ನೋಡಪ್ಪ, ಇದನ್ನು ಕಲಿಯುವಾಗ ನನ್ನ ಮುಂದಿನ ಹಲ್ಲಿನ ತುದಿ ಮುರಿದಿದೆ. ಯಾರೋ ಜಾರಿ ಬಿದ್ದರೆ ನಗಿಸೋದಕ್ಕೆ ನಾನು ಕಲಿತದ್ದಲ್ಲ.”

ಯಶ್ವಂತನ ಮುಖ ಸಪ್ಪಗಾಯಿತು. ನಿಮ್ಮನ್ನು ನಗೆಪಾಟಲು ಮಾಡುವ ಉದ್ದೇಶವಿರಲಿಲ್ಲ, ಆ ಸಾಲು ತೆಗೆಸುತ್ತೇನೆ ಅಂದ. ವಿಜಯಮ್ಮ ಮಾತ್ರ ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಳ್ಳುತ್ತಾ ತಮ್ಮ ಪುಟವನ್ನು ಇವರತ್ತ ತಳ್ಳಿದರು. ಅವರ ತಾರಸ್ಥಾಯಿಗೆ ಚಂದ್ರನ ಮೇಲಿನ ಗಾಜಿನ ಗುಮ್ಮಟ ಬಿರುಕು ಬಿಡುತ್ತದೆ ಎಂದು ಅದರಲ್ಲಿ ಬರೆದಿತ್ತು.

“ನಲವತ್ತು ವರ್ಷ ಹಾಡಿದ್ದಕ್ಕೆ ಕೊನೆಗೂ ಏನೋ ಒಂದು ಅಲುಗಾಡಿತಲ್ಲ ಅಂತ ನನಗೆ ಖುಷಿಯಾಗಿದೆ,” ಅಂದರು ವಿಜಯಮ್ಮ. “ಬೀಳೋದು ಆ ಕಂಡಕ್ಟರನ ಕರ್ಮ, ದೇವೇಂದ್ರಪ್ಪ. ಹೇಗೆ ಬೀಳಬೇಕು ಅನ್ನೋದು ನಿಮ್ಮ ಕೈಯಲ್ಲಿದೆ.”

ದೇವೇಂದ್ರಪ್ಪ ಮಡಿಸಿಟ್ಟ ಪುಟಗಳನ್ನು ಮತ್ತೆ ಬಿಡಿಸಿದರು. ಆಮೇಲೆ ಆ ಬಸ್ಸಿಗೆ ಎಷ್ಟು ಮೆಟ್ಟಿಲು ಎಂದು ವಿಚಾರಿಸಿದರು. ನಮ್ಮ ರಿಂಗ್ ರೋಡ್ ಬಸ್ಸಿನ ಹಾಗೇ ಮೂರು ಎಂದು ಯಶ್ವಂತ್ ಹೇಳಿದ.

ಮೂರು ಎನ್ನುತ್ತಲೇ ಅವರ ಕಣ್ಣು ಅರಳಿತು. ಜೇಬಿನಿಂದ ಮೋರ್ಸಿಂಗ್ ತೆಗೆದು, ಎಡಗೈಯಲ್ಲಿ ಹಿಡಿದು ಹಲ್ಲಿಗೊತ್ತಿದರು. ತದಿಗಿಣತೊಂ, ತದಿಗಿಣತೊಂ, ತದಿಗಿಣತೊಂ. ಕಚೇರಿಯ ಕೊನೆಯಲ್ಲಿ ಮೂರು ಸಲ ನುಡಿಸುವ ಮುಕ್ತಾಯ. ಒಂದೊಂದು ‘ತೊಂ’ಗೆ ಒಂದೊಂದು ಮೆಟ್ಟಿಲು, ಮೂರನೆಯದು ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದು ಕೂರುವಾಗ ಮನುಷ್ಯ, ಅಲ್ಲ, ರೋಬೋ ನೆಲದ ಮೇಲೆ. ವಿಜಯಮ್ಮ ತೊಡೆಯ ಮೇಲೆ ತಾಳ ಹಾಕಿದರು. ಗಾಜಿನಾಚೆ ಕೂತಿದ್ದ ಸರ್ದಾರ್ಜಿ ರೆಕಾರ್ಡಿಂಗ್ ಎಂಜಿನಿಯರ್ ಹೆಡ್‌ಫೋನ್ ಒತ್ತಿಕೊಂಡು, ಮಾಸ್ಟರ್‌ಜಿ ಏಕ್ ಬಾರ್ ಔರ್ ಎಂದು ಮತ್ತೊಮ್ಮೆ ನುಡಿಸಲು ಕೇಳಿದ. ಚಿತ್ರ ಬರೆಯುವವರು ಒಬ್ಬೊಬ್ಬರಾಗಿ ಕುರ್ಚಿ ಬಿಟ್ಟು ಬಾಗಿಲಲ್ಲಿ ಬಂದು ನಿಂತರು. ಮೊದಲು ವಾದ್ಯ ನುಡಿಸಿ, ಬೀಳುವುದನ್ನು ಆಮೇಲೆ ಅದಕ್ಕೆ ಹೊಂದಿಸಿ ಬರೆಯುವುದೆಂದು ಅಲ್ಲೇ ತೀರ್ಮಾನವಾಯಿತು. ಮಧ್ಯಾಹ್ನದ ಹೊತ್ತಿಗೆ ದೇವೇಂದ್ರಪ್ಪ ಕಂಡಕ್ಟರನಿಗೆ ಮೂರೆಣಿಕೆಯ ತಿಶ್ರದಲ್ಲಿ ಟಿಕೆಟ್ ಹರಿಯಲು ಕಲಿಸಿದ್ದರು. ಐದೆಣಿಕೆಯ ಖಂಡದಲ್ಲಿ ಜಗಳವಾಡಲೂ ಕಲಿಸಿದ್ದರು. ಗುಮ್ಮಟ ಒಡೆಯುವ ಸ್ವರವನ್ನು ವಿಜಯಮ್ಮ ನಾಲ್ಕು ಸಲ ಹಾಡಿದರು, ಮೂರೇ ಸಾಕಾಗಿದ್ದರೂ.

ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಕಂತು ಬಂತು. ಹೆಂಡತಿ ಶಾರದಾ ಅಕ್ಕಪಕ್ಕದ ಫ್ಲಾಟಿನವರನ್ನೆಲ್ಲ ಕರೆದಿದ್ದರಿಂದ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪರದೆಯ ಮೇಲೆ ಬೋಳುತಲೆಯ ಪುಟ್ಟ ದೇವೇಂದ್ರಪ್ಪ ಬಸ್ ಹತ್ತಿ, ಚಿಲ್ಲರೆ ಇಲ್ಲವೆಂದು ಕಂಡಕ್ಟರನ ಹತ್ತಿರ ಬೈಸಿಕೊಂಡು, ಬಾಯಿಗೆ ಮೋರ್ಸಿಂಗ್ ಇಟ್ಟ. ರೋಬೋ ತದಿಗಿಣತೊಂ ಎಂದು ಮೊದಲ ಮೆಟ್ಟಿಲು ಜಾರಿತು. ಎರಡನೆಯದರಲ್ಲಿ ಟೋಪಿ ಹಾರಿತು. ಮೂರನೆಯದರಲ್ಲಿ ಅದು ಕುಂಡೆಯೂರಿ ಚಂದ್ರನ ಧೂಳಿನಲ್ಲಿ ಕೂತದ್ದೂ ಸಮ ಬಿದ್ದದ್ದೂ ಒಂದೇ ಗಳಿಗೆ. ಇಡೀ ಹಾಲು ಗೊಳ್ಳೆಂದಿತು.

ಎಲ್ಲರಿಗಿಂತ ಹೆಚ್ಚು ನಕ್ಕವರು ದೇವೇಂದ್ರಪ್ಪನವರೇ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಈ ಮನುಷ್ಯ ಹೀಗೆ ನಕ್ಕದ್ದನ್ನು ಶಾರದಾ ಕಂಡದ್ದಿಲ್ಲ. ಟಿವಿ ಬಿಟ್ಟು ಅವರನ್ನೇ ನೋಡುತ್ತಾ ನಿಂತರು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಜನಕಪುರಿಯಿಂದ ವಿಜಯಮ್ಮ. ಗುಮ್ಮಟ ಚೆನ್ನಾಗಿ ಒಡೆಯಿತು, ಆದರೆ ತಮ್ಮ ಮೂಗನ್ನು ಇಷ್ಟುದ್ದ ಬರೆದವನ ವಿಳಾಸ ತಕ್ಷಣ ಬೇಕು ಎಂದರು.