ಮಣ್ಣು ಕಾಣದ ಗುದ್ದಲಿ

ಮರಳವಾಡಿ ಕಡೆಯ ಆರೋಗ್ಯ ಸಹಾಯಕಿ ಪ್ರತಿಮಾಳ ಪಾಲಿಗೆ ಹನ್ನೊಂದು ಜನ ದಮ್ಮಿನ ರೋಗಿಗಳಿದ್ದರು. ಯಾರಿಗೆ ಯಾವ ಮಾತ್ರೆ, ಯಾರ ಎಕ್ಸ್‌ರೇ ಎಲ್ಲಿದೆ, ಯಾರನ್ನು ಯಾವತ್ತು ಬೆಂಗಳೂರಿಗೆ ಕರೆದೊಯ್ಯಬೇಕು, ಎಲ್ಲವನ್ನೂ ಒಬ್ಬೊಬ್ಬರ ಪುಸ್ತಕದಲ್ಲಿ ಬರೆದಿಡುವವಳು ಅವಳೇ. ಡಾಕ್ಟರುಗಳು ಬದಲಾಗುತ್ತಿದ್ದರು, ಪುಸ್ತಕ ಬದಲಾಗುತ್ತಿರಲಿಲ್ಲ.

ಅವಳ ನಿದ್ದೆ ಕೆಡಿಸಿದ್ದು ಬೋರಲಿಂಗಯ್ಯನ ಪುಸ್ತಕ. ಎರಡು ಸಲ ಕ್ಷಯದ ಮಾತ್ರೆ ನುಂಗಿಸಿದ್ದಾಯಿತು. ಕಫದಲ್ಲಿ ಕ್ಷಯ ಸಿಗಲಿಲ್ಲ, ಕೆಮ್ಮೂ ನಿಲ್ಲಲಿಲ್ಲ. ಕಾರಣ ಗೊತ್ತಾಗದಿದ್ದರೆ ಆಳು ಉಳಿಯುವುದಿಲ್ಲ. ಬೆಂಗಳೂರಿನ ಡಾಕ್ಟರು ಪ್ರತಿ ಸಲವೂ, “ಏನು ಕೆಲಸ ಮಾಡ್ತಾರೆ?” ಎಂದು ಕೇಳುತ್ತಿದ್ದರು. ಅವನು ಬಾಯಿ ತೆರೆಯುವ ಮೊದಲೇ ಪ್ರತಿಮಾ ಪುಸ್ತಕ ನೋಡಿ, “ಬೇಸಾಯ ಸಾರ್,” ಅನ್ನುತ್ತಿದ್ದಳು.

ಒಂದು ಬೆಳಿಗ್ಗೆ ಮಾತ್ರೆ ಕೊಡಲು ಹೊರಟವಳಿಗೆ ದಾರಿಯಲ್ಲೇ ಬೋರಲಿಂಗಯ್ಯ ಕಂಡ. ಹೆಗಲ ಮೇಲಿದ್ದ ಗುದ್ದಲಿಯನ್ನು ಹೊಂಗೆಮರದ ಪೊಟರೆಗೆ ಸಿಕ್ಕಿಸಿ, ಜಲ್ಲಿ ಕ್ರಷರಿನ ಟ್ರ್ಯಾಕ್ಟರ್ ಹತ್ತುತ್ತಿದ್ದ. ಇಳಿಸಿ ವಿಚಾರಿಸಿದರೆ, ಹೊಲ ಫ್ಯಾಕ್ಟರಿ ಪಾಲಾಗಿ ಆರು ವರ್ಷವಾಗಿತ್ತಂತೆ. ಅಂದಿನಿಂದ ಊರಿನವರ ಕಣ್ಣಿಗೆ ಗುದ್ದಲಿ, ಎದೆಗೂಡಿಗೆ ಕಲ್ಲಿನ ಪುಡಿ. ಸಂಜೆ ಕೆರೆಯಲ್ಲಿ ಮೈ ತೊಳೆದು, ಮತ್ತೆ ಗುದ್ದಲಿ ಹೊತ್ತು ಮನೆಗೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು!

“ಮೂರು ವರ್ಸ ನನ್ ಬಾಯಲ್ಲಿ ಸುಳ್ಳು ಹೇಳಿಸ್ದೆಯಲ್ಲಣ್ಣ!” ಸಿಟ್ಟಿಗೆ ಪ್ರತಿಮಾಳ ಕಣ್ಣಲ್ಲಿ ನೀರು ಬಂತು.

“ಗೌಡ್ರ ಮಗ ಜಲ್ಲಿ ಹೊರ್ತಾನೆ ಅಂತ ಎಂಗವ್ವ ಬರ್ಸೋದು?” ಬೋರಲಿಂಗಯ್ಯ ಏದುಸಿರಿನಲ್ಲೇ ಅಂದ. “ಬೇಸಾಯ ಅಂತ್ಲೇ ಇರ್ಲಿ ಬುಡು.”

ಅವಳು ಬಿಡಲಿಲ್ಲ. ಬೇಸಾಯ ಎಂಬುದನ್ನು ಹೊಡೆದುಹಾಕಿ ಕ್ರಷರ್ ಎಂದು ಬರೆದು, ಮರುದಿನವೇ ಅವನನ್ನು ಬೆಂಗಳೂರಿಗೆ ಎಳೆದೊಯ್ದಳು. ಡಾಕ್ಟರು ಹಳೆಯ ಎಕ್ಸ್‌ರೇಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡಿದರು. “ಕಲ್ಲಿನ ಧೂಳಮ್ಮ. ಮೊದಲ ಸಲವೇ ಹೇಳಿ ಆ ಕೆಲಸ ಬಿಡಿಸಿದ್ರೆ ಇನ್ನಷ್ಟು ವರ್ಷ ಬದುಕ್ತಿದ್ರು,” ಎಂದರು. ಹೇಳಿದ್ದು ಅವಳ ಮುಖ ನೋಡಿ.

ಆಮೇಲೆ ಅವನು ಉಳಿದದ್ದು ನಾಲ್ಕೇ ತಿಂಗಳು. ಹೂಳಲು ಸ್ವಂತ ಹೊಲವಿರಲಿಲ್ಲ, ಊರ ಸ್ಮಶಾನದಲ್ಲೇ ಕುಣಿ ತೋಡಿದರು. “ಕೊನೇಗಂಟ ಗುದ್ದಲಿ ಬುಡ್ನಿಲ್ಲ ಪುಣ್ಯಾತ್ಮ,” ಎಂದು ಜನ ಹೊಗಳುವುದನ್ನು ಪ್ರತಿಮಾ ನಿಂತು ಕೇಳಿದಳು.

ಮಣ್ಣು ಎಳೆಯುತ್ತಿದ್ದ ದೇವರಾಜು, ಸತ್ತವನ ನೆರೆಮನೆಯವನು, ಗುದ್ದಲಿ ಊರಿ ನಿಂತು ಕೆಮ್ಮತೊಡಗಿದ. ಅವನ ಕಿವಿಯ ಹಿಂದೆ ಬಿಳಿ ಪುಡಿ ಅಂಟಿತ್ತು. ಪ್ರತಿಮಾ ಚೀಲದಿಂದ ಹೊಸ ಪುಸ್ತಕ ತೆಗೆದಳು.

“ನಿಮ್ದೇನಣ್ಣ ಕೆಲ್ಸ?”

ಅವನು ಸುತ್ತ ನಿಂತಿದ್ದ ಜನರನ್ನು ಒಮ್ಮೆ ನೋಡಿದ.

“ಇನ್ನೇನವ್ವ, ಬೇಸಾಯ.”